ಅಂಗೈಯಷ್ಟೇ ಇರುವ ಜಿಲೇಬಿ ಮೀನಿಗೆ ವಯಸ್ಸೆಷ್ಟು?

ಕಾವೇರಿಯಲ್ಲಿ ಸಿಕ್ಕ ಜಿಲೇಬಿ ಮೀನು ಅಂಗೈಯಷ್ಟೇ ಇದ್ದರೂ ಹೊಟ್ಟೆ ತುಂಬಾ ಮೊಟ್ಟೆ ಇತ್ತು ಅಂದಿರಿ. ಹಾಗಿದ್ದರೆ ಅದು ಮರಿಯಲ್ಲ. ಜಿಲೇಬಿ ಮೀನು ಅಂದರೆ ಆಫ್ರಿಕಾದ ಮೊಜಾಂಬಿಕ್ ತಿಲಾಪಿಯಾ, ಅದು 1952ರಲ್ಲಿ ಭಾರತಕ್ಕೆ ಬಂತು. ಮೀನು ಜಾಸ್ತಿಯಾಗಿ ಮೇವು ಸಾಲದ ಕಡೆ ಅದರ ಬೆಳವಣಿಗೆ ಕುಗ್ಗುತ್ತದೆ, ಆದರೆ ಕೆಲವೇ ತಿಂಗಳಲ್ಲಿ ಮೊಟ್ಟೆಗೆ ಬರುತ್ತದೆ. ನಮ್ಮ ನಾಡಮೀನುಗಳಿಗೆ ಇದೇ ದೊಡ್ಡ ತೊಂದರೆ. ದಯವಿಟ್ಟು ಬೇರೆ ಕೆರೆಗೆ ಬಿಡಬೇಡಿ.

ಉದ್ದ ನೋಡಿ ವಯಸ್ಸು ಹೇಳಲು ಆಗುವುದಿಲ್ಲ. ಹುರುಪೆಯ ಮೇಲಿನ ಬಳೆಗಳನ್ನು ಎಣಿಸಬಹುದು, ಆದರೆ ಎಲ್ಲ ಬಳೆಯೂ ವರ್ಷದ ಲೆಕ್ಕವಲ್ಲ. ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟು ಕಾಯುವಾಗ ಸರಿಯಾಗಿ ತಿನ್ನುವುದಿಲ್ಲ, ಆಗಲೂ ಗುರುತು ಬೀಳುತ್ತದೆ. ಕಿವಿಯೊಳಗಿನ ಪುಟ್ಟ ಕಲ್ಲು, ಅಂದರೆ ಆಟೋಲಿತ್, ಹೆಚ್ಚು ನಂಬಿಕೆಯದು. ಚಿಕ್ಕ ಮೀನಿನಲ್ಲಿ ಅದಕ್ಕೆ ದಿನಕ್ಕೊಂದು ಸಣ್ಣ ಪದರ ಸೇರುತ್ತದೆ. ಕಲ್ಲನ್ನು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು.