ಪ್ರತಿ: ಕೊಪ್ಪಳದಲ್ಲಿ ಮಾಲಿಪಾಟೀಲ, ಬಳ್ಳಾರಿಯಲ್ಲಿ ಗೌಡ

ನಿಮ್ಮ ಮುತ್ತಜ್ಜನವರ ಹೆಸರಿನ ಮುಂದೆ ಕೊಪ್ಪಳದ ಹಳೆಯ ದಾಖಲೆಯಲ್ಲಿ ‘ಮಾಲಿಪಾಟೀಲ’ ಎಂದೂ ಬಳ್ಳಾರಿಯ ಕ್ರಯಪತ್ರದಲ್ಲಿ ‘ಗೌಡ’ ಎಂದೂ ಇರುವುದರಿಂದ, ಇವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳೇ ಎಂದು ಕೇಳಿದ್ದೀರಿ. ದಯವಿಟ್ಟು ಅಡ್ಡಹೆಸರೊಂದನ್ನೇ ನೋಡಿ ಹಾಗೆ ತೀರ್ಮಾನಿಸಬೇಡಿ. ಕೊಪ್ಪಳ ಮತ್ತು ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಅಲ್ಲಿ ಕಂದಾಯ ವಸೂಲಿಯ ವಂಶಪಾರಂಪರ್ಯ ಹುದ್ದೆಯ ಹೆಸರೇ ಮಾಲಿಪಾಟೀಲ ಮನೆತನಗಳ ಅಡ್ಡಹೆಸರಾಗಿ ನಿಂತಿತು. ತುಂಗಭದ್ರಾ ಹೊಳೆಯ ಈಚೆ, ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿ, ಅಂಥ ಮನೆತನದವರನ್ನು ಗೌಡರೆಂದು ಬರೆಯುವ ರೂಢಿಯಿತ್ತು. ಕೊಪ್ಪಳದ ಮೂಲ ದಾಖಲೆ ಉರ್ದುವಿನಲ್ಲಿದ್ದರೆ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಆ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ; ಹಾಗಾಗಿ ಒಂದೇ ಹೆಸರನ್ನು ಬೇರೆ ಬೇರೆ ರೀತಿ ಓದಬಹುದು. ಕ್ರಯಪತ್ರದ ಆರಂಭದಲ್ಲಿರುವ ತಂದೆಯ ಹೆಸರು, ವಾಸದ ಊರು ಕೊಪ್ಪಳದ ದಾಖಲೆಗೆ ಹೊಂದಿದರೆ, ಅಡ್ಡಹೆಸರಿಗಿಂತ ಅವನ್ನೇ ನಾನು ಹೆಚ್ಚು ನಂಬುತ್ತೇನೆ.