ಕೌಬಾಯ್ ಸಿನಿಮಾಗಳಲ್ಲಿ ಹೀರೋಗೆ ಬಿಳಿ ಟೋಪಿ, ವಿಲನ್‌ಗೆ ಕಪ್ಪು ಟೋಪಿ ಯಾಕೆ?

ದೂರದಿಂದಲೇ ಯಾರು ಯಾರು ಅಂತ ಗೊತ್ತಾಗಲಿ ಅಂತ.

ಹಳೆಯ ಹಾಲಿವುಡ್ ಕೌಬಾಯ್ ಸಿನಿಮಾಗಳು ಕಪ್ಪು-ಬಿಳುಪಿನವು. ಬಯಲಿನಲ್ಲಿ ಹತ್ತಾರು ಕುದುರೆಗಳು ಧೂಳೆಬ್ಬಿಸಿಕೊಂಡು ಓಡುವಾಗ ಮುಖ ಕಾಣುವುದಿಲ್ಲ, ಬಟ್ಟೆಗಳೆಲ್ಲ ಒಂದೇ ಬೂದು. ಎದ್ದು ಕಾಣುವುದು ತಲೆ ಮೇಲಿನ ಅಗಲ ಟೋಪಿ ಮಾತ್ರ. ಮೂಕಿ ಕಾಲದಲ್ಲಂತೂ ಮಾತೂ ಇರಲಿಲ್ಲ, ಅಲ್ವಾ? ಹಾಗಾಗಿ ಪಾತ್ರದ ಪರಿಚಯ ಮಾಡಿಸುವ ಕೆಲಸ ಟೋಪಿಯ ಪಾಲಿಗೆ ಬಂತು. ಆ ಕಾಲದ ದೊಡ್ಡ ಸ್ಟಾರ್ ಟಾಮ್ ಮಿಕ್ಸ್‌ನ ಬಿಳಿ ಟೋಪಿ ಈ ರೂಢಿಗೆ ಜಾಸ್ತಿ ಬಲ ಕೊಟ್ಟಿತು.

ಆದರೆ ಇದು ಕಟ್ಟುನಿಟ್ಟಿನ ನಿಯಮವೇನೂ ಆಗಿರಲಿಲ್ಲ. ಹೋಪಲಾಂಗ್ ಕ್ಯಾಸಿಡಿ ಪಾತ್ರದಲ್ಲಿ ವಿಲಿಯಂ ಬಾಯ್ಡ್ ಅಡಿಯಿಂದ ಮುಡಿವರೆಗೆ ಕಪ್ಪು ತೊಟ್ಟೇ ಮಕ್ಕಳ ಅಚ್ಚುಮೆಚ್ಚಿನ ಹೀರೋ ಆದ. ನಿಜವಾದ ದನಗಾಹಿಗಳಿಗಂತೂ ಟೋಪಿ ಬಿಸಿಲು ಮಳೆ ತಡೆಯೋಕೆ ಬೇಕಿತ್ತು, ಅಷ್ಟೇ. ಜಾನ್ ಸ್ಟೆಟ್ಸನ್ 1865ರಲ್ಲಿ ತಂದ ಅಗಲ ಅಂಚಿನ ಟೋಪಿ ಹೆಸರು ಮಾಡಿದ್ದೂ ಅದಕ್ಕೇ. ಒಳ್ಳೆಯದು-ಕೆಟ್ಟದ್ದರ ಅರ್ಥ ಅಂಟಿಸಿದ್ದು ಸಿನಿಮಾ.

ನನಗೆ ಬಣ್ಣಕ್ಕಿಂತ ಅಂಚಿನ ಆಟವೇ ಇಷ್ಟ. ನಟ ತಲೆಯನ್ನು ಒಂಚೂರು ತಗ್ಗಿಸಿದರೆ ಸಾಕು, ಕಣ್ಣು ನೆರಳಿಗೆ ಹೋಗುತ್ತದೆ, ಬರೀ ಬಾಯಿ, ಗದ್ದ ಕಾಣುತ್ತವೆ. ಅವನ ಮನಸ್ಸಿನಲ್ಲಿ ಏನಿದೆ ಅಂತ ನಮಗೆ ಗೊತ್ತಾಗುವುದಿಲ್ಲ. ತಲೆ ಎತ್ತಿದಾಗ ಕಣ್ಣಿಗೆ ಬೆಳಕು ಬೀಳುತ್ತದೆ, ಗುಟ್ಟು ಬಯಲಾಗುತ್ತದೆ. ಇನ್ನೊಂದು ಉಪಯೋಗವೂ ಇದೆ: ಹೊಡೆದಾಟದಲ್ಲಿ ಡ್ಯೂಪ್‌ನ ಮುಖ ಮುಚ್ಚೋಕೆ ಅದೇ ಅಂಚು ಸಾಕು.