ಒಂದೇ ದೀಪ ಮಿಣುಕಿದರೆ ಡೈನಮೋ ಬದಲಿಸಬೇಕೆ?

ಪ್ರಶ್ನೆ: ನನ್ನದು 2013ರ ಪೆಟ್ರೋಲ್ ಕಾರು. ಎರಡು ತಿಂಗಳಿಂದ ಎಡಬದಿಯ ಹೆಡ್‌ಲೈಟ್ ಹೊಂಡ ಬಿದ್ದ ರಸ್ತೆಯಲ್ಲಿ ಮಿಣುಕುತ್ತದೆ. ಒಮ್ಮೊಮ್ಮೆ ತೀರಾ ಮಂಕಾಗುತ್ತದೆ, ಇಳಿದು ಬಾನೆಟ್ ಮೇಲೆ ತಟ್ಟಿದರೆ ಮತ್ತೆ ಸರಿಹೋಗುತ್ತದೆ. ಎಡಗಡೆಯ ಬಲ್ಬನ್ನು ಎರಡು ಸಲ ಬದಲಿಸಿಯಾಯಿತು. ಈಗ ಗ್ಯಾರೇಜಿನವರು ಡೈನಮೋ ಬದಲಿಸಬೇಕೆನ್ನುತ್ತಿದ್ದಾರೆ. ವಾರದಲ್ಲಿ ಎರಡು ಸಲವಾದರೂ ರಾತ್ರಿ ಆಗುಂಬೆ ಘಾಟಿ ಇಳಿಯಬೇಕಾದ ಕೆಲಸ ನನ್ನದು. ದೋಷವನ್ನು ಮನೆಯಲ್ಲೇ ಪತ್ತೆ ಮಾಡಬಹುದೆ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಡೈನಮೋ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಬ್ಯಾಟರಿಯಿಂದಲೂ ಡೈನಮೋದಿಂದಲೂ ಬರುವ ವಿದ್ಯುತ್ತು ಎರಡೂ ಹೆಡ್‌ಲೈಟುಗಳಿಗೆ ಒಂದೇ ಆಗಿರುವುದರಿಂದ, ದೋಷ ಅಲ್ಲಿದ್ದಿದ್ದರೆ ಬಲಬದಿಯ ದೀಪ, ಡ್ಯಾಶ್‌ಬೋರ್ಡಿನ ಬೆಳಕು, ಕಾರಿನೊಳಗಿನ ದೀಪ ಎಲ್ಲವೂ ಒಟ್ಟಿಗೆ ಏರಿಳಿಯಬೇಕಿತ್ತು. ಅನುಮಾನ ಉಳಿಯಬಾರದೆಂದಿದ್ದರೆ ಮಲ್ಟಿಮೀಟರನ್ನು 20 ವೋಲ್ಟ್ ಡಿ.ಸಿ.ಗೆ ಇಟ್ಟು ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳೆಯಿರಿ. ಎಂಜಿನ್ ಆಫ್ ಆಗಿ ಕೆಲವು ಗಂಟೆ ಕಳೆದ ಮೇಲೆ ಸುಮಾರು 12.6 ವೋಲ್ಟ್, ಎಂಜಿನ್ ಓಡುತ್ತಿರುವಾಗ 13.8ರಿಂದ 14.5 ವೋಲ್ಟ್ ತೋರಿಸಿದರೆ ಡೈನಮೋ ಮೇಲೆ ತಪ್ಪು ಹೊರಿಸಲು ಕಾರಣವಿಲ್ಲ.

ತಟ್ಟಿದರೆ ಸರಿಹೋಗುತ್ತದೆ ಎಂದು ನೀವೇ ಬರೆದಿರುವುದರಲ್ಲಿ ಅರ್ಧ ಉತ್ತರವಿದೆ. ಇದು ಎಡದೀಪದ ದಾರಿಯಲ್ಲಿ ಎಲ್ಲೋ ಇರುವ ಲೂಸ್ ಕಾಂಟ್ಯಾಕ್ಟ್. ಹಲವು ಕಾರುಗಳಲ್ಲಿ ಎಡ ಬಲ ದೀಪಗಳಿಗೆ ಬೇರೆ ಬೇರೆ ಫ್ಯೂಸ್ ಇರುವುದರಿಂದ, ಮೊದಲು ಎಡದೀಪದ ಫ್ಯೂಸನ್ನು ತೆಗೆದು ಅದರ ಕಾಲುಗಳಲ್ಲಿ ಕಿಲುಬು ಹಿಡಿದಿದೆಯೇ ನೋಡಿ, ಮತ್ತೆ ಬಿಗಿಯಾಗಿ ಕೂರಿಸಿ. ಬಳಿಕ ದೀಪ ಆರಿಸಿ, ಬಲ್ಬ್ ತಣ್ಣಗಾದ ಮೇಲೆ ಹಿಂದಿನ ರಬ್ಬರ್ ಕವರ್ ಸರಿಸಿ, ಮೂರು ಕಾಲಿನ ಎಚ್4 ಬಲ್ಬಿಗೆ ಸಿಕ್ಕಿಸಿರುವ ಕಪ್ಲರನ್ನು ನೇರವಾಗಿ ಎಳೆದು ತೆಗೆಯಿರಿ. ಅದರ ಮೂರು ಸೀಳುಗಳನ್ನು ಟಾರ್ಚ್ ಬೆಳಕಿನಲ್ಲಿ ಹತ್ತಿರದಿಂದ ನೋಡಿ. ಎರಡು ಸ್ವಚ್ಛವಾಗಿದ್ದು ಒಂದರ ಅಂಚು ಕಂದು ಬಣ್ಣಕ್ಕೆ ತಿರುಗಿ, ಪ್ಲಾಸ್ಟಿಕ್ ಉಬ್ಬಿದ್ದರೆ ಕಳ್ಳ ಸಿಕ್ಕಿದ ಹಾಗೆಯೇ. ಒಳಗಿನ ತಗಡು ಸ್ವಲ್ಪ ಸಡಿಲವಾದಾಗ ಅಲ್ಲಿ ಬಿಸಿ ಹುಟ್ಟುತ್ತದೆ, ಆ ಬಿಸಿಗೆ ತಗಡಿನ ಬಿಗಿ ಇನ್ನಷ್ಟು ಹೋಗುತ್ತದೆ. ಹೊಸ ಬಲ್ಬ್ ಹಾಕಿದರೂ ಕೆಲವೇ ದಿನಗಳಲ್ಲಿ ಹಳೆಯ ಕಥೆ ಮರುಕಳಿಸುವುದು ಇದರಿಂದಲೇ. ಇಂಥ ಕಪ್ಲರನ್ನು ಉಜ್ಜಿ ಉಳಿಸಿಕೊಳ್ಳಲು ಹೋಗದೆ ಹೊಸದನ್ನು ಹಾಕಿ. ತಂತಿಗಳನ್ನು ಬರಿದೇ ಹೊಸೆದು ಟೇಪ್ ಸುತ್ತಿದರೆ ನಿಮ್ಮ ಕಡೆಯ ಮಳೆಗೆ ಅದು ನಿಲ್ಲುವುದಿಲ್ಲ. ಬೆಸುಗೆ ಹಾಕಿಸಿ ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ತಗುಲಿದಾಗ ಕುಗ್ಗಿ ತಂತಿಗೆ ಬಿಗಿಯಾಗಿ ಅಂಟುವ ಕೊಳವೆ) ತೊಡಿಸಬೇಕು.

ಘಾಟಿಯಲ್ಲಿ ಬೆಳಕು ಸಾಲದೆಂದು ಯಾರಾದರೂ 100/90 ವ್ಯಾಟಿನ (ಮೊದಲ ಅಂಕಿ ದೂರಕ್ಕೆ ಬೀಳುವ ಹೈಬೀಮಿಗೆ, ಎರಡನೆಯದು ತಗ್ಗಿಸಿದ ಬೆಳಕಾದ ಡಿಪ್‌ಗೆ) ಬಲ್ಬ್ ಹಾಕಿಕೊಟ್ಟಿದ್ದಾರೆಯೇ ಎಂಬುದನ್ನೂ ನೋಡಿಕೊಳ್ಳಿ. ಕಂಪನಿಯಿಂದ ಬರುವ 60/55 ವ್ಯಾಟಿನ ಬಲ್ಬ್ ಡಿಪ್‌ನಲ್ಲಿ ಸುಮಾರು 4.6 ಆಂಪಿಯರ್ ಎಳೆದರೆ 90 ವ್ಯಾಟಿನದು 7.5 ಆಂಪಿಯರ್ ಎಳೆಯುತ್ತದೆ. ಕಾಂಟ್ಯಾಕ್ಟಿನಲ್ಲಿ ಹುಟ್ಟುವ ಬಿಸಿ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಎರಡೂವರೆ ಪಟ್ಟನ್ನೂ ಮೀರುತ್ತದೆ. ಕಪ್ಲರ್ ಕರಗುವುದಕ್ಕೆ ಅಷ್ಟು ಸಾಕು.

ಕಪ್ಲರ್ ಚೆನ್ನಾಗಿಯೇ ಇದ್ದರೆ ಮುಂದಿನ ಅನುಮಾನ ಅರ್ತ್ ಮೇಲೆ, ಅಂದರೆ ವಿದ್ಯುತ್ತು ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ಮರಳುವ ದಾರಿಯ ಮೇಲೆ. ಇದಕ್ಕೊಂದು ಸುಲಭವಾದ ಸುಳಿವಿದೆ. ಡಿಪ್‌ನಲ್ಲಿಟ್ಟು ಎಡದೀಪ ಮಂಕಾದ ಕ್ಷಣದಲ್ಲಿ ಡ್ಯಾಶ್‌ಬೋರ್ಡಿನ ಹೈಬೀಮ್ ನೀಲಿದೀಪವೂ ಸಣ್ಣಗೆ ಹೊತ್ತಿಕೊಂಡರೆ, ಅರ್ತ್ ಸಿಗದ ವಿದ್ಯುತ್ತು ಡಿಪ್ ತಂತುವಿನಿಂದ ಹೈಬೀಮ್ ತಂತುವಿಗೆ ನುಗ್ಗಿ ಕಳ್ಳದಾರಿಯಲ್ಲಿ ಮರಳುತ್ತಿದೆ ಎಂದು ತಿಳಿಯಬೇಕು. ಖಚಿತಪಡಿಸಿಕೊಳ್ಳಲು ದೀಪ ಉರಿಯುತ್ತಿರುವಾಗಲೇ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ, ಕೆಂಪು ಕಡ್ಡಿಯನ್ನು ಕಪ್ಲರಿನ ಹಿಂಬದಿಯಿಂದ ಅರ್ತ್ ತಂತಿಯ ತುದಿಗೂ ತಾಗಿಸಿ, ಇನ್ನೊಬ್ಬರಿಂದ ತಂತಿಯನ್ನು ಮೆಲ್ಲಗೆ ಅಲುಗಾಡಿಸಿ. ಅಂಕಿ 0.2 ವೋಲ್ಟಿನ ಒಳಗಿರಬೇಕು. ಅರ್ಧ ವೋಲ್ಟ್ ದಾಟಿದರೆ ಅಥವಾ ಅಲುಗಾಡಿದಾಗಲೆಲ್ಲ ನೆಗೆದರೆ ಅರ್ತ್ ಕೆಟ್ಟಿದೆ. ಕೆಲವು ಕಾರುಗಳಲ್ಲಿ ಸ್ವಿಚ್ಚು ಅರ್ತ್ ಬದಿಯಲ್ಲೇ ಇರುವುದರಿಂದ, ಯಾವ ತಂತಿ ಯಾವುದೆಂದು ಬಣ್ಣ ನೋಡಿ ಊಹಿಸದೆ ಎಲೆಕ್ಟ್ರಿಷಿಯನ್ ಬಳಿ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ರಿಪೇರಿಗೆ ಖರ್ಚೇ ಇಲ್ಲವೆನ್ನಬಹುದು. ಬ್ಯಾಟರಿಯ ನೆಗೆಟಿವ್ ಕೇಬಲನ್ನು ಕಳಚಿ, ಅರ್ತ್ ತಂತಿ ಕಾರಿನ ಲೋಹದ ಮೈಯನ್ನು ಸೇರುವಲ್ಲಿನ ಬೋಲ್ಟನ್ನು ಸಡಿಲಿಸಿ, ತಂತಿಯ ಉಂಗುರವನ್ನೂ ಅದರಡಿಯ ತಗಡನ್ನೂ ಬಣ್ಣ, ತುಕ್ಕು ಹೋಗಿ ಲೋಹ ಹೊಳೆಯುವವರೆಗೆ ಎಮ್ರಿ ಕಾಗದದಿಂದ ಉಜ್ಜಿ, ಬಿಗಿಯಾಗಿ ಕೂಡಿಸಿದ ಮೇಲೆ ತೆಳ್ಳಗೆ ವ್ಯಾಸಲೀನ್ ಹಚ್ಚಿ. ಅಲ್ಲಿಯೂ ದೋಷ ಕಾಣದಿದ್ದರೆ ತಂತಿಯ ಉದ್ದಕ್ಕೂ ಕಣ್ಣಾಡಿಸಿ. ಅಡಿಕೆ ಗೋದಾಮಿನ ಪಕ್ಕ ನಿಲ್ಲಿಸುವ ಕಾರುಗಳಲ್ಲಿ ಇಲಿ ಕಡಿದ ತಂತಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಪ್ರಶ್ನೆ: ಹಳೆಯ ಹ್ಯಾಲೊಜನ್ ಬಲ್ಬ್ ತೆಗೆದು ಎಲ್‌ಇಡಿ ಹಾಕಿಸಿದೆ. ಅಂದಿನಿಂದ ಕಾರು ನಿಂತಿದ್ದರೂ ಎರಡೂ ದೀಪ ಸಣ್ಣಗೆ ನಡುಗುತ್ತಿವೆ. ಬಲ್ಬೇ ನಕಲಿಯೆ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಕಲಿಯೇ ಆಗಿರಬೇಕೆಂದಿಲ್ಲ. ಹೊಸ ಕಾಲದ ಕೆಲವು ಕಾರುಗಳು ಹೆಡ್‌ಲೈಟಿಗೆ ವಿದ್ಯುತ್ತನ್ನು ಸತತವಾಗಿ ಹರಿಸದೆ, ಸೆಕೆಂಡಿಗೆ ಹಲವಾರು ಸಲ ಕೊಟ್ಟು ನಿಲ್ಲಿಸುತ್ತವೆ. ಹ್ಯಾಲೊಜನ್ನಿನ ಕಾದ ತಂತು ಆ ಕಿರು ವಿರಾಮದಲ್ಲಿ ತಣಿಯುವುದಿಲ್ಲವಾದ್ದರಿಂದ ನಮಗೆ ತಿಳಿಯುತ್ತಿರಲಿಲ್ಲ. ಎಲ್‌ಇಡಿ ಮಾತ್ರ ವಿದ್ಯುತ್ತು ನಿಂತ ಕೂಡಲೇ ಆರುತ್ತದೆ. ನಡುವೆ ಡಿಕೋಡರ್ ಎಂಬ ಸಣ್ಣ ಪೆಟ್ಟಿಗೆ ಸೇರಿಸಿದರೆ ಸಾಮಾನ್ಯವಾಗಿ ನಡುಕ ನಿಲ್ಲುತ್ತದೆ. ಆದರೆ ತಂತುವಿಗಾಗಿ ರೂಪಿಸಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿಯ ಬೆಳಕು ಚೆದುರಿ ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುವುದರಿಂದ, ಡಿಕೋಡರಿಗೆ ಹಣ ಹಾಕುವುದಕ್ಕಿಂತ ಹಳೆಯ ಹ್ಯಾಲೊಜನ್ ಬಲ್ಬಿಗೆ ಮರಳುವುದೇ ನನ್ನ ಸಲಹೆ. ಹಾಕುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ತಗುಲಿದ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ.